ಚಂದ್ರಮತಿಯ ಹನ್ನೊಂದನೆಯ ಅಧ್ಯಾಯ

ಬಿಜೂರಿನ ಗದ್ದೆಬಯಲು ದಾಟಿ, ತೆಂಗಿನ ತೋಟದೊಳಗೆ ಕಾಲುದಾರಿಯಲ್ಲಿ ಐದು ನಿಮಿಷ ನಡೆದರೆ ಒಂದು ಹಂಚಿನ ಮನೆ ಸಿಗುತ್ತದೆ. ಮೂರು ವರ್ಷದ ಹಿಂದಿನವರೆಗೂ ಆ ಮನೆಯ ಜಗಲಿಯ ಬಲಗಡೆಯ ಕೋಣೆಯೇ ಆ ಭಾಗದ ಪೋಸ್ಟಾಫೀಸಾಗಿತ್ತು. ಮನೆಯೊಡತಿ ಚಂದ್ರಮತಿಯೇ ಪೋಸ್ಟ್ ಮಾಸ್ತರು. ಇಪ್ಪತ್ನಾಲ್ಕನೇ ವಯಸ್ಸಿಗೆ ಆ ಕೆಲಸಕ್ಕೆ ಕೂತವಳು ನಲವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತಳು. ಒಂದೆರಡು ಸಂಬಂಧ ಬಂದು ಹೋದವು. ಆಮೇಲೆ ತಾಯಿ ಹಾಸಿಗೆ ಹಿಡಿದರು, ಎಂಟು ವರ್ಷ ಮೇಲೇಳಲಿಲ್ಲ. ತಾಯಿ ತೀರಿಕೊಳ್ಳುವಷ್ಟರಲ್ಲಿ ಹೆಣ್ಣು ಕೇಳಿಕೊಂಡು ಬರುವವರೂ ನಿಂತಿದ್ದರು.

ಅವಳು ಕಾದಂಬರಿ ಬರೆಯುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಏನು ಬರೆಯುತ್ತಾಳೆ ಎಂದು ಕೇಳಿದವರು ಕಡಿಮೆ. ಹದಿಮೂರನೇ ವಯಸ್ಸಿನಲ್ಲಿ ಸೋದರಮಾವನ ಟ್ರಂಕಿನಲ್ಲಿ ರಟ್ಟು ಹರಿದ ಒಂದು ಪುಸ್ತಕ ಅವಳ ಕೈಗೆ ಸಿಕ್ಕಿತ್ತು. ಶತ್ರುಗಳು ಮುತ್ತಿಗೆ ಹಾಕಿದ ಒಂದು ಕೋಟೆಯೊಳಗೆ ಜನ ಹಸಿವಿನಿಂದ ಸಾಯುವ ಕತೆ. ಮೊದಲ ಹಾಳೆಗಳೇ ಇರಲಿಲ್ಲವಾದ್ದರಿಂದ ಬರೆದವರು ಯಾರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಕುಂದಾಪುರದ ಲೈಬ್ರರಿಗೆ ಹೋದಾಗಲೆಲ್ಲ ಅವಳು ಹುಡುಕಿದ್ದು ಅಂಥವನ್ನೇ: ಬರಗಾಲದ ಕಾದಂಬರಿ, ಮಾರಿಯ ಕಾದಂಬರಿ, ದಂಡು ಬಂದು ಊರು ಸುಟ್ಟ ಕಾದಂಬರಿ. ರಾಜ ಗೆದ್ದನೋ ಸೋತನೋ ಅವಳಿಗೆ ಬೇಕಾಗಿರಲಿಲ್ಲ. ಊರು ಬಿಟ್ಟು ಓಡುವಾಗ ಯಾರು ಏನನ್ನು ಎತ್ತಿಕೊಂಡರು, ಯಾರನ್ನು ಬಿಟ್ಟು ಹೋದರು ಎಂಬುದು ಬೇಕಾಗಿತ್ತು. ಕೇಡುಗಾಲ ಬಂದಾಗಲೇ ಮನುಷ್ಯನ ನಿಜ ಬಣ್ಣ ಗೊತ್ತಾಗುವುದು ಎಂದು ಅವಳು ನಂಬಿದ್ದಳು. ಅಂಥ ಕಾಲ ತನಗೆ ಬಂದರೆ ತಾನು ಓಡುವವಳಲ್ಲ, ನಿಲ್ಲುವವಳು ಎಂದೂ ನಂಬಿದ್ದಳು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಅಷ್ಟೆ.

ಐವತ್ತು ದಾಟಿದ ಮೇಲೆ ತನ್ನದೇ ಒಂದು ಕಾದಂಬರಿ ಶುರುಮಾಡಿದಳು. ನೂರು ಚಿಲ್ಲರೆ ವರ್ಷದ ಹಿಂದೆ ಹೊಳೆಬಾಯಿಯ ಒಂದು ಪುಟ್ಟ ಬಂದರಿಗೆ ಪ್ಲೇಗು ಬಂದ ಕತೆ. ಬಂದರಿನ ಹೆಸರು ಅವಳೇ ಕಟ್ಟಿದ್ದು. ಕತೆಗೆ ಬೇಕಾದ ವಿವರ ಮಾತ್ರ ಕಟ್ಟಿದ್ದಲ್ಲ. ಭಾನುವಾರ ಬಂದರೆ ಬಸ್ಸು ಹತ್ತಿ ಗುಲ್ವಾಡಿಗೋ ಬ್ರಹ್ಮಾವರದ ಕಡೆಗೋ ಹೋಗಿ ತೊಂಬತ್ತು ದಾಟಿದ ಮುದುಕಿಯರ ಕಾಲ ಬುಡದಲ್ಲಿ ಕೂತು, ಅವರ ತಾಯಂದಿರು ಹೇಳಿದ್ದನ್ನು ಬರೆದುಕೊಂಡು ಬರುತ್ತಿದ್ದಳು. ಇಲಿ ಸತ್ತು ಬಿದ್ದದ್ದು, ಜನ ಮನೆ ಬಿಟ್ಟು ಗುಡ್ಡದ ಮೇಲೆ ತೆಂಗಿನ ಮಡಲಿನ ಗುಡಿಸಲು ಕಟ್ಟಿದ್ದು, ಹೆಣ ಹೊರಲು ಜನ ಸಿಗದೆ ಹೋದದ್ದು.

ಅವಳ ಬರಹಕ್ಕೆ ಕಿವಿಗೊಡುತ್ತಿದ್ದವನು ಲೋಕದಲ್ಲಿ ಒಬ್ಬನೇ, ತಮ್ಮ ಪ್ರೇಮಾನಂದ. ಅವಳಿಗಿಂತ ಆರು ವರ್ಷ ಚಿಕ್ಕವನು. ಹದಿನಾರಕ್ಕೆ ಮುಂಬೈ ಬಸ್ಸು ಹತ್ತಿ, ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಟೇಬಲ್ಲು ಒರೆಸುವುದರಿಂದ ಹಿಡಿದು ಭಟ್ಟಿಯ ಮುಂದೆ ನಿಲ್ಲುವವರೆಗೆ ಬೆಳೆದವನು. ಅವನ ಹೆಂಡತಿ ವಿನಯಾ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಪ್ರಣೀತಾ ಮಂಗಳೂರಿನಲ್ಲಿ ನರ್ಸು. ಪ್ರತಿ ಮೇ ತಿಂಗಳು ಊರಿಗೆ ಬಂದಾಗ ಅವನು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ, ಅಕ್ಕ ಓದುತ್ತಿದ್ದಳು. ಚಿಕ್ಕಂದಿನಲ್ಲಿ ಅವನಿಗೆ ಅನ್ನ ತಿನ್ನಿಸಲು ಕತೆ ಹೇಳುತ್ತಿದ್ದಳಲ್ಲ, ಅದರ ಮುಂದುವರಿಕೆ ಎನ್ನುವಂತಿತ್ತು ಅದು.

ಎರಡು ಸಾವಿರದ ಹತ್ತೊಂಬತ್ತರ ಮೇಯಲ್ಲಿ ಅವಳು ಓದಿದ್ದು ಹನ್ನೊಂದನೆಯ ಅಧ್ಯಾಯ. ಅದರಲ್ಲಿ ಅಕ್ಕಣಿ ಎಂಬ ವಿಧವೆ ಬಂದರಿನ ಕೊನೆಯ ಮನೆಯಲ್ಲಿ ಒಬ್ಬಳೇ ಉಳಿದಿರುತ್ತಾಳೆ. ಅಕ್ಕಿ ದೋಣಿಯ ಕೆಲಸದವನೊಬ್ಬ ಗಂಟಲು ಊದಿಸಿಕೊಂಡು ಬಂದು ಬಾಗಿಲು ತಟ್ಟುತ್ತಾನೆ. ಗುಡ್ಡ ಸೇರಿದ ಊರವರೆಲ್ಲ ಬೇಡ ಬೇಡ ಎಂದರೂ ಅಕ್ಕಣಿ ಅಗಳಿ ತೆಗೆದು ಅವನನ್ನು ಒಳಗೆ ಕರೆದುಕೊಳ್ಳುತ್ತಾಳೆ.

ಓದಿ ಮುಗಿಸಿದಾಗ ಪ್ರೇಮಾನಂದ ತೋಳು ಮುಂದೆ ಚಾಚಿ ತೋರಿಸಿದ.

"ಕಾಣಕ್ಕ, ಮೈ ಜುಂ ಅಂತ್. ಹೀಂಗಿಪ್ಪ ಹೆಂಗ್ಸ್ ಒಬ್ಳ್ ಇದ್ರೆ ಸಾಕಲ್ದಾ ಒಂದ್ ಊರಿಗೆ!"

ಮುಂಬೈಗೆ ಹೋದ ಮೇಲೆ ಹೋಟೆಲಿನ ಹುಡುಗರಿಗೆಲ್ಲ ಆ ಕತೆ ಹೇಳಿದನಂತೆ. ಫೋನಿನಲ್ಲಿ ಅದನ್ನು ಕೇಳಿದ ದಿನ ಚಂದ್ರಮತಿ ಊಟಕ್ಕೆ ಪಾಯಸ ಮಾಡಿಕೊಂಡಳು.

ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು.

ಬಸ್ಸು ನಿಂತಿತು, ಅಂಗಡಿ ಮುಚ್ಚಿತು. ಪೋಸ್ಟಾಫೀಸು ಮುಚ್ಚುವ ಹಾಗಿರಲಿಲ್ಲ. ಚಂದ್ರಮತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗದ್ದೆಯ ಅಂಚಿನ ಮೇಲೆ ಮನೆಮನೆಗೆ ನಡೆದಳು. ಎದ್ದು ಬರಲಾಗದ ಮುದುಕರಿಗೆ ಪಿಂಚಣಿ ಮುಟ್ಟಿಸಿದಳು, ಕುಂದಾಪುರದಿಂದ ಪಾರ್ಸೆಲಿನಲ್ಲಿ ಬಂದ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಲುಪಿಸಿದಳು. ಪಕ್ಕದ ಮನೆಯ ಸರೋಜ ಬೇಲಿಯ ಆಚೆಯಿಂದ ಕೂಗಿ ಹೇಳಿದಳು:

"ಹ್ವಾಯ್ ಚಂದ್ರಕ್ಕ, ನೀವ್ ಇದ್ದದ್ಕೆ ನಮ್ ಮಾವ ಬದ್ಕಿದ್ರ್ ಮರ್ರೆ. ನಿಮ್ಗೆ ಹೆದ್ರಿಕಿ ಆತಿಲ್ಯಾ?"

"ಎಂತ ಹೆದ್ರಿಕಿ? ಯಾರಾರೂ ಮಾಡ್ಕಲೆ," ಎಂದಳು ಚಂದ್ರಮತಿ. ಆ ಎರಡು ತಿಂಗಳು ಅವಳ ನಡಿಗೆಯೇ ಬೇರೆಯಾಗಿತ್ತು. ಇಷ್ಟು ವರ್ಷ ಓದಿದ್ದು, ಬರೆದದ್ದು ದಂಡವಾಗಲಿಲ್ಲ ಅನ್ನಿಸಿತ್ತು.

ಮೇ ತಿಂಗಳಲ್ಲಿ ಮುಂಬೈಯವರು ಬರತೊಡಗಿದರು. ಶಿರೂರಿನ ಗಡಿಯಲ್ಲಿ ಬಸ್ಸುಗಳ ಸಾಲು ನಿಂತಿತು. ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇಳಿಸಿದರು. ಪ್ರೇಮಾನಂದ ಎರಡು ದಿನದ ಪ್ರಯಾಣ ಮಾಡಿ ಬಂದು ಒಂದು ಶಾಲೆಯ ಏಳನೇ ಕ್ಲಾಸಿನ ಕೋಣೆಯಲ್ಲಿ ಹದಿನಾಲ್ಕು ದಿನ ಚಾಪೆ ಹಾಸಿ ಮಲಗಿದ. ದಿನಾ ಫೋನು ಮಾಡುತ್ತಿದ್ದ. ಅವನ ಹೋಟೆಲು ಮುಚ್ಚಿ ಹೋಗಿತ್ತು. ಡೊಂಬಿವಲಿಯ ಬಾಡಿಗೆ ಕೋಣೆಯನ್ನು ಬಿಟ್ಟೇ ಬಂದಿದ್ದ. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾದ ಸಂಜೆ ಹೇಳಿದ:

"ಅಕ್ಕ, ನಾಳಿಗ್ ಬಿಡ್ತ್ರಂಬ್ರ್. ಮನ್ಯಂಗೆ ಮತ್ತೊಂದ್ ಏಳ್ ದಿನ ಹೊರ್ಗ್ ಹೋಪುಕಾಗ ಅಂದ್ರ್. ಸೀದ ಬತ್ತೆ."

"ಬಾ ಮಗಾ. ಕೋಣಿ ಸಾರ್ಸಿ ಇಟ್ಟಿದೆ," ಎಂದಳು ಅಕ್ಕ.

ಕೋಣೆ ಸಾರಿಸಿದ್ದು ಸುಳ್ಳಲ್ಲ. ಬೆಳಿಗ್ಗೆ ಎದ್ದು ಅವನಿಗೆಂದೇ ಊಟಕ್ಕೆ ಹಲಸಿನ ಬೀಜದ ಕೊದ್ದೆಲ್ ಮಾಡಿಟ್ಟಿದ್ದಳು. ಹೊಸ ಚಾದರ ಹಾಸಿದ್ದಳು. ಮಧ್ಯಾಹ್ನ ಎರಡೂವರೆಗೆ ಅವನು ಗದ್ದೆಯ ಅಂಚಿನ ಮೇಲೆ ನಡೆದು ಬರುವುದು ಕಿಟಕಿಯಿಂದ ಕಂಡಿತು. ರಿಕ್ಷಾದವನು ಒಳಗೆ ಬರಲು ಒಪ್ಪದೆ ರಸ್ತೆಯಲ್ಲೇ ಇಳಿಸಿರಬೇಕು. ಹೆಗಲಿಗೊಂದು ಚೀಲ, ಕೈಯಲ್ಲೊಂದು ಚೀಲ. ಬಹಳ ಇಳಿದು ಹೋಗಿದ್ದ. ಅಂಗಳಕ್ಕೆ ಬಂದು ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಹಣೆಯ ಬೆವರು ಒರೆಸಲು ಕೈಯೆತ್ತಿದ. ಮುಂಗೈಯ ಮೇಲೆ ಕ್ವಾರಂಟೈನಿನ ನೀಲಿ ಶಾಯಿಯ ಸೀಲು ಕಂಡಿತು.

ಆಗ ಏನಾಯಿತೆಂದು ಚಂದ್ರಮತಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಯಾರೂ ಅವಳಿಗೆ ಬೇಡ ಎಂದಿರಲಿಲ್ಲ. ಸರೋಜ ಬೇಲಿಯ ಹತ್ತಿರ ಇರಲಿಲ್ಲ. ಊರವರು ಬಂದು ತಡೆದಿರಲಿಲ್ಲ. ಬಾಗಿಲು ತೆಗೆಯಲು ಎದ್ದವಳೇ ಅಗಳಿಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಅಕ್ಕ! ಹ್ವಾಯ್ ಅಕ್ಕ, ಬಂದೆ ಕಾಣ್."

"ಪ್ರೇಮ, ಅಲ್ಲೇ ನಿಲ್ಲ್."

"ಎಂತಾಯ್ತ್?"

"ಇಲ್ ಪೋಸ್ಟಾಫೀಸ್ ಇತ್ತಲ್ದಾ. ಪಿಂಚಣಿಗ್ ಮುದ್ಕರೆಲ್ಲ ಬತ್ರ್. ಅವ್ರಿಗ್ ಎಂತಾರೂ ಆರೆ..."

"ಪರೀಕ್ಷೆ ಆಯ್ತ್ ಅಕ್ಕ. ಎಂತ ಇಲ್ಲೆ ಅಂದ್ ಚೀಟಿ ಬರ್ದ್ ಕೊಟ್ಟಿರ್. ಬಾಗ್ಲ್ ಸಂದಿಯಂಗೆ ಹಾಕ್ಲಾ?"

"ಬ್ಯಾಡ."

ಹೊರಗೆ ಚೀಟಿ ಮಡಚಿದ ಸದ್ದಾಯಿತು. ಬಳಿಕ ಅವನ ದನಿ ಬಂತು, ಗಿರಾಕಿಗಳ ಹತ್ತಿರ ಮಾತಾಡುವಾಗಿನ ಹಾಗೆ ಮೆತ್ತಗೆ:

"ಹೌದ್. ನೀ ಹೇಳುದೂ ಸಮ. ಅಡ್ಡಿಲ್ಲೆ ಅಕ್ಕ. ಕುಡುಕೆ ಒಂಚೂರ್ ನೀರ್ ಕೊಡ್ತ್ಯಾ?"

ಅವಳು ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದು ಕಿಟಕಿಯ ಸರಳಿನ ಸಂದಿಯಿಂದ ಹೊರಗಿನ ಕಟ್ಟೆಯ ಮೇಲಿಟ್ಟಳು. "ನಾ ಒಳ್ಗ್ ಹೋದ್ಮೇಲ್ ತಕೋ," ಎಂದಳು. ಒಳಕೋಣೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಮತ್ತೆ ಬಂದು ನೋಡುವಾಗ ಲೋಟ ಖಾಲಿಯಾಗಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ. ಆ ಲೋಟವನ್ನು ಅವಳು ಮೂರು ದಿನ ಬಿಸಿಲಿನಲ್ಲೇ ಬಿಟ್ಟಳು.

ಪ್ರೇಮಾನಂದ ಹೋದದ್ದು ಕೆರಾಡಿಗೆ. ಅಲ್ಲಿ ಕಾಡಿನಂಚಿನಲ್ಲಿ ಅವನ ಹೆಂಡತಿಯ ಅಣ್ಣ ಶೈಲೇಶನ ರಬ್ಬರು ತೋಟ. ಶೈಲೇಶ ಒಂದು ಪುಸ್ತಕವನ್ನೂ ಪೂರ್ತಿ ಓದಿದವನಲ್ಲ. ಯಾರದೋ ಮೀನಿನ ಗಾಡಿಯ ಹಿಂದೆ ಕೂತು ಕತ್ತಲಾಗುವ ಮೊದಲು ಬಂದಿಳಿದ ತಂಗಿಯ ಗಂಡನ ಕೈಯ ಸೀಲು ನೋಡಿ, "ಅದ್ ತೊಳುದ್ರೆ ಹೋತಿಲ್ಯಾ?" ಎಂದು ಕೇಳಿ ಒಳಗೆ ಕರೆದುಕೊಂಡನಂತೆ. ಈ ಸಂಗತಿ ಚಂದ್ರಮತಿಗೆ ತಿಳಿದದ್ದು ಪ್ರಣೀತಾಳ ಫೋನಿನಿಂದ. ಪ್ರಣೀತಾ ಆಗ ಕೋವಿಡ್ ವಾರ್ಡಿನಲ್ಲೇ ದುಡಿಯುತ್ತಿದ್ದಳು.

"ಅಪ್ಪಯ್ಯ ಕೆರಾಡಿಯಂಗೆ ಆರಾಮಿದ್ರ್ ಅತ್ತೆ. ನೀವ್ ತಲೆಬಿಸಿ ಮಾಡ್ಕಣ್ಬೇಡಿ," ಎಂದಳು ಅವಳು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಎಷ್ಟೋ ಲೇಸಿತ್ತು ಎಂದು ಚಂದ್ರಮತಿಗೆ ಅನ್ನಿಸಿತು.

ಪ್ರೇಮಾನಂದ ಮುಂಬೈಗೆ ತಿರುಗಿ ಹೋಗಲಿಲ್ಲ. ಕೆರಾಡಿಯಲ್ಲೇ ಉಳಿದು, ಮರ ಗೀರಿ ಹಾಲು ಇಳಿಸುವ ರಬ್ಬರು ಟ್ಯಾಪಿಂಗ್ ಕಲಿತ. ಅಕ್ಕನ ಮೇಲೆ ಸಿಟ್ಟು ಮಾಡಲಿಲ್ಲ. ಹಬ್ಬಕ್ಕೆ ಫೋನು ಮಾಡುತ್ತಿದ್ದ. ವರ್ಷದಲ್ಲಿ ಎರಡು ಸಲ ಬಿಜೂರಿಗೂ ಬಂದ. ಬಂದವನು ಜಗಲಿಯ ಮೇಲೆ ಕೂತು ಚಾ ಕುಡಿದು, ಗದ್ದೆ ಸಾಗುವಳಿಯ ಮಾತಾಡಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಡುತ್ತಿದ್ದ. "ಒಳ್ಗ್ ಬಾ, ಉಣ್ಲಕ್," ಎಂದರೆ, "ಇಲ್ಲೇ ಗಾಳಿ ಲಾಯ್ಕಿತ್ತಕ್ಕ," ಎನ್ನುತ್ತಿದ್ದ. ಹೊಸಿಲು ದಾಟಲಿಲ್ಲ. ಕಾದಂಬರಿ ಎಲ್ಲಿಗೆ ಬಂತೆಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಜಗಳವಾಡಿದ್ದರೆ ಒಂದು ದಾರಿಯಿತ್ತು, ಕಾಲು ಹಿಡಿಯಬಹುದಿತ್ತು. ನಗುನಗುತ್ತ ಚಾ ಲೋಟವನ್ನು ತಾನೇ ತೊಳೆದಿಟ್ಟು ಹೋಗುವವನ ಹತ್ತಿರ ಏನು ಮಾಡುವುದು?

ಅವಳು ಬರೆಯುವುದನ್ನು ನಿಲ್ಲಿಸಿದಳು. ಪೋಸ್ಟಾಫೀಸಿಗೆ ಬಂದವರು ಬಾಯಿ ತುಂಬ ಹೊಗಳುತ್ತಿದ್ದರು. ಒಂದು ಸಂಘದವರು ಬಂದು ಶಾಲು ಹೊದಿಸಿ, ಕೊರೋನಾ ಕಾಲದಲ್ಲಿ ಹೆದರದೆ ನಿಂತ ಮಹಿಳೆ ಎಂದು ಭಾಷಣ ಮಾಡಿದರು. ಆ ಶಾಲನ್ನು ಅವಳು ಕಪಾಟಿನ ತಳಕ್ಕೆ ತುರುಕಿದಳು. ಸಂಜೆ ಐದರ ಮೇಲೆ ಆ ಮನೆಗೆ ಯಾರೂ ಬರುತ್ತಿರಲಿಲ್ಲ. ಮೊದಲೂ ಬರುತ್ತಿರಲಿಲ್ಲ, ಆದರೆ ಮೊದಲು ಅಕ್ಕಣಿ ಇದ್ದಳು, ಬಂದರಿತ್ತು, ಗುಡ್ಡದ ಮೇಲಿನ ಗುಡಿಸಲುಗಳಿದ್ದವು. ಈಗ ಅವರ್ಯಾರನ್ನೂ ಅವಳು ಮುಖವೆತ್ತಿ ನೋಡುವ ಹಾಗಿರಲಿಲ್ಲ.

ಒಂದೂವರೆ ವರ್ಷ ಕಳೆದು, ಗೆದ್ದಲು ಹಿಡಿದೀತೆಂದು ಹಳೆಯ ಟಿಪ್ಪಣಿ ಪುಸ್ತಕಗಳನ್ನು ಬಿಸಿಲಿಗೆ ಹರಡುವಾಗ ಗುಲ್ವಾಡಿಯ ಅಜ್ಜಿ ಹೇಳಿದ ಮಾತುಗಳ ಪುಟ ತೆರೆದುಕೊಂಡಿತು. ಹೊಳೆಬದಿಯ ಮನೆಯ ಆ ಅಜ್ಜಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡಿದ್ದಳು: "ನಮ್ಮಬ್ಬಿ ಹೇಳ್ತಿದ್ರ್ ಮಗಾ, ಯಾರೂ ಬಾಗ್ಲ್ ತೆಗೂಲಿಲ್ಲ ಅಂಬ್ರ್. ಒಳ್ಗ್ ಕೂಕಂಡ್ ಎಲ್ಲ ಕೇಂತಿದ್ರ್. ಕೂಗುದ್ ಕೇಂತಿತ್ತ್. ತೆಗೂಲಿಲ್ಲ." ಆ ನಾಲ್ಕು ಸಾಲಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಿತ್ತು. ಎಳೆದವಳು ತಾನೇ. ಕಾದಂಬರಿಗೆ ಹೊಂದುವುದಿಲ್ಲ ಎಂದು ಬಿಟ್ಟಿದ್ದಳು. ಆ ಅಜ್ಜಿ ತನ್ನ ತಾಯಿಯ ನಾಚಿಕೆಯನ್ನು ನೂರು ವರ್ಷ ದಾಟಿಸಿ ತಂದು ಕೈಗೆ ಕೊಟ್ಟಿದ್ದಳು. ಇವಳು ಅದನ್ನು ಗೀಟು ಹಾಕಿ ಬದಿಗಿಟ್ಟು, ತನಗೆ ಬೇಕಾದ ಅಕ್ಕಣಿಯನ್ನು ಕಟ್ಟಿದ್ದಳು.

ಹನ್ನೊಂದನೆಯ ಅಧ್ಯಾಯವನ್ನು ಅವಳು ಮೊದಲಿನಿಂದ ಬರೆದಳು. ಹದಿನೇಳು ಪುಟಕ್ಕೆ ಹತ್ತು ತಿಂಗಳು ಹಿಡಿಯಿತು. ಬಾಗಿಲು ತಟ್ಟುವವನು ಈಗ ಅಕ್ಕಿ ದೋಣಿಯ ಕೆಲಸದವನಲ್ಲ, ಅಕ್ಕಣಿಯ ತಮ್ಮ. ಗಂಟಲು ಊದಿಲ್ಲ, ಜ್ವರವಿಲ್ಲ. ಬರಿದೇ ಮಾರಿ ಬಂದ ಊರಿನಿಂದ ಬಂದವನು. ಅಕ್ಕಣಿ ಅಗಳಿ ತೆಗೆಯುವುದಿಲ್ಲ. ಅವನು ಬಾಯಾರಿ ನೀರು ಕೇಳುತ್ತಾನೆ, ಅವಳು ಕಿಟಕಿಯಲ್ಲಿ ಇಡುತ್ತಾಳೆ, ಅವನು ಕುಡಿದು ಹೋಗುತ್ತಾನೆ.

ಬರೆದು ಮುಗಿದ ಮೇಲೆ ಅದನ್ನು ಯಾರಿಗೂ ತೋರಿಸದೆ ಅಚ್ಚಿಗೆ ಕೊಡುವುದು ಅವಳಿಂದಾಗಲಿಲ್ಲ. ಡಿಸೆಂಬರಿನ ಒಂದು ಭಾನುವಾರ ಕುಂದಾಪುರದಲ್ಲಿ ಬಸ್ಸು ಬದಲಿಸಿ ಕೆರಾಡಿಗೆ ಹೋದಳು.

ಪ್ರೇಮಾನಂದ ಶೆಡ್ಡಿನ ಮುಂದೆ ರಬ್ಬರು ಶೀಟು ಒಣಹಾಕುತ್ತಿದ್ದ. ಕೈ ಒರೆಸಿಕೊಂಡು ಬಂದು ಸ್ಟೂಲು ಕೊಟ್ಟ. ಅಕ್ಕ ಚೀಲದಿಂದ ಹಾಳೆ ತೆಗೆದದ್ದು ಕಂಡು ಎದುರಿನ ಕಲ್ಲಿನ ಮೇಲೆ ಕೂತ. ಅವಳು ಓದಿದಳು. ತಲೆ ಎತ್ತಲಿಲ್ಲ. ಹದಿನೇಳು ಪುಟ ಮುಗಿಯುವವರೆಗೆ ಅವನು ಅಲುಗಾಡಲಿಲ್ಲ. ತೋಟದೊಳಗೆ ಎಲ್ಲೋ ಶೈಲೇಶ ನಾಯಿ ಕರೆಯುವುದು ಕೇಳಿಸುತ್ತಿತ್ತು.

ಓದಿ ಮುಗಿಸಿ ಅವಳು ಹಾಳೆಗಳನ್ನು ಜೋಡಿಸಿಕೊಂಡಳು.

"ಒಂದ್ ತಪ್ಪಿತ್ತಕ್ಕ ಇದ್ರಂಗೆ," ಎಂದ ಪ್ರೇಮಾನಂದ.

"ಎಂತದ್?"

"ಅವ್ನಿಗೆ ಆಸ್ರ್ ಆಯ್ತ್ ಅಂದ್ ಬರ್ದಿದೆ ನೀನ್. ಅವ್ನಿಗೆ ಆಸ್ರ್ ಆಯಿರ್ಲಿಲ್ಲ. ಚೀಲದಂಗೆ ಬಾಟ್ಲಿ ತುಂಬ ನೀರ್ ಇದ್ದಿತ್ತ್."

ಚಂದ್ರಮತಿ ಅವನನ್ನೇ ನೋಡಿದಳು.

"ಮತ್ತೆಂತಕ್ ಕೇಂಡದ್?"

"ನೀರ್ ಕೊಡುಕಾರೂ ಬಾಗ್ಲ್ ತೆಗಿತ್ಲ್ ಅಂದ್ ಎಣ್ಸಿದ."

ಹೇಳಿ ಎದ್ದು ಹೋಗಿ ಒಲೆಗೆ ಚಾದ ಪಾತ್ರೆ ಇಟ್ಟ. ಅವಳು ಅತ್ತದ್ದು ಅವನಿಗೆ ಕಂಡಿತೋ ಇಲ್ಲವೋ, ಬೆನ್ನು ಹಾಕಿಯೇ ನಿಂತಿದ್ದ. "ಪ್ರೇಮ, ನಂದ್ ತಪ್ಪಾಯ್ತ್," ಎಂದಳು. "ಆಯ್ತಲೆ, ಬಿಡ್," ಎಂದ. ಚಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದ. ಐವತ್ತು ವರ್ಷದಿಂದ ಅಕ್ಕನಿಗೆ ಸಕ್ಕರೆ ಎಷ್ಟು ಬೇಕೆಂದು ಗೊತ್ತಿದ್ದವನು ಅವನು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೂತೇ ಆ ಸಾಲನ್ನು ತಿದ್ದಿದಳು.

ಅಚ್ಚಿನ ಮನೆ ಬ್ರಹ್ಮಾವರದಲ್ಲಿತ್ತು. ಅದರ ಯಜಮಾನ ಗೋವರ್ಧನ ಹಸ್ತಪ್ರತಿ ಓದಿ ತಲೆ ಕೆರೆದುಕೊಂಡ. "ಎಲ್ಲಾ ಲಾಯ್ಕಿತ್ತ್ ಅಮ್ಮ. ಆರೆ ಈ ಹನ್ನೊಂದ್ನೇದ್ ಒಂಚೂರ್ ಬದ್ಲ್ ಮಾಡುಕಾತಿಲ್ಯಾ? ಕತೆಯ ನಾಯಕಿ ಅವ್ಳ್. ಓದಿದವ್ರಿಗೆ ಬೇಜಾರ್ ಆತ್ತ್."

"ಬೇಜಾರ್ ಆಯ್ಲಿ," ಎಂದಳು ಚಂದ್ರಮತಿ.

ಪುಸ್ತಕ ಬಂತು. ಬಿಡುಗಡೆ ಸಮಾರಂಭ ಬೇಡ ಎಂದಳು. ಅದೇ ವರ್ಷ ಅವಳ ನೌಕರಿಯೂ ಮುಗಿದು, ಪೋಸ್ಟಾಫೀಸು ಇನ್ನೊಂದು ಮನೆಗೆ ಹೋಯಿತು. ಬಲಗಡೆಯ ಕೋಣೆಯಲ್ಲಿ ಒಂದು ಮೇಜು, ಗೋಡೆಯ ಮೇಲೆ ಬೋರ್ಡು ತೆಗೆದ ಗುರುತು ಉಳಿಯಿತು. ಹಗಲು ಹೊತ್ತಿನಲ್ಲಿ ಬರುತ್ತಿದ್ದ ಜನವೂ ಇಲ್ಲವಾದರು. ಕೆರಾಡಿಗೆ ಒಂದು ಪ್ರತಿ ಕಳಿಸಿದಳು. ಪ್ರೇಮಾನಂದ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಫೋಟೋದ ಪಕ್ಕ ಇಟ್ಟಿದ್ದಾನೆ ಎಂದು ಪ್ರಣೀತಾ ಹೇಳಿದಳು. ಓದಿದನೇ ಎಂದು ಚಂದ್ರಮತಿ ಕೇಳಲಿಲ್ಲ.

ಪುಸ್ತಕ ಹೆಚ್ಚೇನೂ ಹೋಗಲಿಲ್ಲ. ಆದರೆ ಹಿಂಬದಿಯ ರಟ್ಟಿನಲ್ಲಿ ಅಚ್ಚಾದ ನಂಬರಿಗೆ ಫೋನುಗಳು ಬರತೊಡಗಿದವು. ಬಂದದ್ದು ಪ್ಲೇಗಿನ ಬಗ್ಗೆ ಕೇಳಲು ಅಲ್ಲ. ಕೋಟೇಶ್ವರದ ಗಂಡಸೊಬ್ಬ ತನ್ನ ಹೆಸರು ಹೇಳದೆ ಅರ್ಧ ಗಂಟೆ ಮಾತಾಡಿದ. ತನ್ನ ತಂದೆಯ ಹೆಣ ಮುಟ್ಟಲು ಹೆದರಿ ಬೇರೆಯವರಿಂದ ಸುಡಿಸಿದ್ದನಂತೆ. ಬೈಂದೂರಿನ ಹೆಂಗಸೊಬ್ಬಳು ಬರಿದೇ ಅತ್ತು ಫೋನಿಟ್ಟಳು. ಚಂದ್ರಮತಿ ಯಾರಿಗೂ ಸಮಾಧಾನ ಹೇಳಲಿಲ್ಲ. ಹೂಂ ಎನ್ನುತ್ತ ಕೇಳಿದಳು.

ಮೊನ್ನೆ ಶ್ರಾವಣದಲ್ಲಿ ಬ್ರಹ್ಮಾವರದ ಜಲಜ ಎಂಬವಳು ಫೋನು ಮಾಡಿದ್ದಳು. ಮುಂಬೈಯಿಂದ ಬಂದ ನಾದಿನಿಯನ್ನು ಅವಳು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದಳು. ನಾದಿನಿ ಈಗ ಮಾತಾಡುತ್ತಾಳೆ, ಸೀರೆಯನ್ನೂ ಕೊಡುತ್ತಾಳೆ, ಮನೆಗೆ ಮಾತ್ರ ಬರುವುದಿಲ್ಲ. ಎಲ್ಲ ಹೇಳಿ ಮುಗಿಸಿ ಜಲಜ ಕೇಳಿದಳು:

"ಅಮ್ಮ, ನಿಮ್ ಅಕ್ಕಣಿ ಕಡಿಗೆ ಎಂತ ಆದ್ಲ್? ಪುಸ್ತಕದಂಗೆ ಇಲ್ಲೆ ಅದ್."

ಚಂದ್ರಮತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಎಂತ ಆಪುದ್? ಅದೇ ಮನ್ಯಂಗೆ ಇದ್ಲ್," ಎಂದಳು. "ಮಾರಿ ಹೋಯ್ತ್, ಜನ ಗುಡ್ಡದಿಂದ ಇಳ್ದ್ ಬಂದ್ರ್. ಅವ್ಳ್ ಅಲ್ಲೇ ಇದ್ಲ್."

"ತಮ್ಮ ಬರ್ಲಿಲ್ಯಾ?"

"ಬತ್ತಿದ್ದ. ಜಗ್ಲಿಗೆ."

ಆ ಕಡೆಯಿಂದ ಜಲಜ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಇನ್ನೊಮ್ಮೆ ಮಾಡುತ್ತೇನೆ ಎಂದಳು. ಮಾಡಿ ಎಂದಳು ಚಂದ್ರಮತಿ. ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು. ಒಬ್ಬಳಿಗೆ ಅರ್ಧ ಪಾವು ಅಕ್ಕಿ ಸಾಕಾಗುತ್ತಿತ್ತು.